ಲೆಕ್ಕ ಕೇಳುವ ಫೋನು, ಪಾಠ ಹೇಳುವ ಪರದೆ

2025ರ ಸೆಪ್ಟೆಂಬರ್ 22ರಂದು ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಗಣತಿಗೆಂದು ಬೀದಿಗಿಳಿದವರಲ್ಲಿ ಬಹುಪಾಲು ಸರ್ಕಾರಿ ಶಾಲೆಯ ಶಿಕ್ಷಕರೇ. ಕಾಗದದ ನಮೂನೆ ಇರಲಿಲ್ಲ, ಎಲ್ಲವೂ ಮೊಬೈಲ್ ಆ್ಯಪ್‌ನಲ್ಲಿ. ಕರೆಂಟ್ ಮೀಟರಿನ ಆಧಾರದಲ್ಲಿ ಗುರುತಿಸಿದ ಮನೆ ಹುಡುಕಬೇಕು, ಬಾಗಿಲಿಗೆ ಅಂಟಿಸಿದ ಸ್ಟಿಕ್ಕರಿನ ಸಂಖ್ಯೆ ಹಾಕಬೇಕು, ಮನೆಯವರ ಫೋನಿಗೆ ಬಂದ ಒಟಿಪಿ ಕೇಳಿಕೊಳ್ಳಬೇಕು, ಆಮೇಲೆ 60 ಪ್ರಶ್ನೆ ತುಂಬಬೇಕು. ಮೊದಲ ದಿನಗಳಲ್ಲಿ ಸರ್ವರ್ ಕೈಕೊಟ್ಟಿತು. ಆ್ಯಪ್ ತೆರೆದುಕೊಳ್ಳಲಿಲ್ಲ, ತೆರೆದರೂ ತೋರಿಸಿದ ಜಾಗದಲ್ಲಿ ಮನೆ ಇರಲಿಲ್ಲ. ಕೊನೆಗೆ ಸಮೀಕ್ಷೆ ಮುಗಿಸಲೆಂದೇ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಇಷ್ಟಾದರೂ ಮನೆ ಮನೆ ತಿರುಗಿ ಕೆಲಸ ದಡ ಸೇರಿಸಿದವರು ಇದೇ ಮೇಷ್ಟ್ರುಗಳು, ಇದೇ ಮೇಡಂಗಳು.

ಇವರ ಬಗ್ಗೆಯೇ ಪರಿಶೀಲನಾ ಸಭೆಗಳಲ್ಲಿ ಒಂದು ಮಾತು ಎಷ್ಟೋ ವರ್ಷಗಳಿಂದ ಓಡಾಡುತ್ತಿದೆ: ನಮ್ಮ ಶಿಕ್ಷಕರಿಗೆ ತಂತ್ರಜ್ಞಾನ ಅಂದರೆ ಹಿಂಜರಿಕೆ, ಕಂಪ್ಯೂಟರ್ ಕೊಟ್ಟರೂ ಮುಟ್ಟುವುದಿಲ್ಲ, ಸ್ಮಾರ್ಟ್ ಟಿವಿ ಕೊಟ್ಟರೂ ಹಾಕುವುದಿಲ್ಲ. ಬೀಗ ಜಡಿದ ಕಂಪ್ಯೂಟರ್ ಕೋಣೆಯೇ ಇದಕ್ಕೆ ಸಾಕ್ಷಿ. ಆ ಬೀಗ ಸುಳ್ಳಲ್ಲ. ಆದರೆ ಕೈಕೊಡುವ ಆ್ಯಪ್ ಹಿಡಿದು ಊರೂರು ತಿರುಗಿ ಮಾಹಿತಿ ತುಂಬಿದವರನ್ನು ಯಂತ್ರಕ್ಕೆ ಹೆದರುವವರು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಶಾಲೆಗೆ ಬಂದ ಪ್ರತಿ ಯಂತ್ರವೂ ತಮಗೆ ಏನು ಮಾಡಿತು ಎಂಬುದನ್ನು ಅವರು ನೆನಪಿಟ್ಟುಕೊಂಡಿದ್ದಾರೆ. ಅವರ ಮನೋಭಾವ ಬೆಳೆದಿರುವುದು ಆ ನೆನಪಿನ ಮೇಲೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. 2021ರ ಅಕ್ಟೋಬರ್ 2ರಂದು ಉದ್ಘಾಟನೆಯಾದ ಈ ಜಿಲ್ಲೆಯಲ್ಲಿ ಹೆಸರೂ ಹಣವೂ ಹೆಚ್ಚಾಗಿ ಹರಿಯುವುದು ಹಂಪಿ ಮತ್ತು ಹೊಸಪೇಟೆಯ ಕಡೆಗೆ. ಉಳಿದ ಐದೂ ಬಹುಪಾಲು ಮಳೆಯನ್ನೇ ನಂಬಿದ ಸೀಮೆಗಳು. ತುಂಗಭದ್ರೆ ಹಡಗಲಿಯ ಅಂಚಿನಲ್ಲೇ ಹರಿದರೂ ನೀರು ಎಲ್ಲರ ಹೊಲಕ್ಕೆ ಏರುವುದಿಲ್ಲ. ಕೂಡ್ಲಿಗಿಯ ಕೆಂಪು ನೆಲದಲ್ಲಿ ಶೇಂಗಾ ಕೈಗೆ ಹತ್ತದ ವರ್ಷ ಜನ ಗುಳೆ ಹೋಗುತ್ತಾರೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ತಾಂಡಾಗಳಿಂದಲೂ ಕಬ್ಬು ಕಡಿಯುವ ಕಡೆಗೆ, ಕಾಫಿ ತೋಟಗಳ ಕಡೆಗೆ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ಜೊತೆಗೇ ಹೋಗುತ್ತಾರೆ. ಅಪ್ಪನ ಜೊತೆ ಮನೆಯ ಒಂದೇ ಫೋನೂ ಗುಳೆ ಹೋಗುತ್ತದೆ. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿಗರ ಗೋರ್ ಬೋಲಿ, ಶಾಲೆಯಲ್ಲಿ ಕೇಳುವುದು ಕನ್ನಡ, ಪರದೆಯ ಮೇಲೆ ಬರುವುದು ಎಷ್ಟೋ ಸಲ ಇಂಗ್ಲಿಷ್. ಹರಪನಹಳ್ಳಿಯ ಕಥೆ ಇನ್ನೂ ಬೇರೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, ಎರಡು ದಶಕದ ಮೇಲೆ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ. ಅಲ್ಲಿನ ಹಿರಿಯ ಶಿಕ್ಷಕರು ಒಂದೇ ಶಾಲೆಯ ಕಾಗದಪತ್ರಗಳ ಮೇಲೆ ಮೂರು ಜಿಲ್ಲೆಗಳ ಹೆಸರು ಬರೆದಿದ್ದಾರೆ.

ಇಂಥ ಕಡೆ ಐದು ತರಗತಿಗೆ ಇಬ್ಬರು ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯ ಸಭೆಗೆ ಹೋದರೆ ಉಳಿದವರೊಬ್ಬರೇ ಐದೂ ತರಗತಿ ನೋಡಬೇಕು. ತಂತ್ರಜ್ಞಾನ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಇವರ ಮುಂದಿಡುವವರು ಮೊದಲು ಈ ದಿನಚರಿಯನ್ನು ನೋಡಬೇಕು.

ಬಂದ ಯಂತ್ರಗಳು, ಹೋದ ಯಂತ್ರಗಳು

ಈ ಭಾಗಕ್ಕೆ ಪರದೆಯ ಪಾಠ ಹೊಸದೇನಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿ.ವಿ. ಕಾರ್ಯಕ್ರಮ ಬಂತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನ ದೊಡ್ಡವರಿಗೆ. ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ಪಕ್ಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಕರೆಂಟೇ ಸರಿಯಾಗಿಲ್ಲದ ಹಳ್ಳಿಯಲ್ಲಿ ದೊಡ್ಡ ಡಿಶ್ ಆ್ಯಂಟೆನಾ ನಿಂತಿತು. ಆ ಪ್ರಯೋಗದಲ್ಲಿ ನನಗೆ ಇಂದಿಗೂ ಮುಖ್ಯವೆನಿಸುವ ಭಾಗ ಬೇರೆ: ಅದೇ ಟಿ.ವಿ.ಯನ್ನು ಬಳಸಿ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಕೊಟ್ಟರು. ಮಕ್ಕಳಿಗೆ ತೋರಿಸುವ ಜೊತೆಗೆ ಮೇಷ್ಟ್ರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ವರ್ಷ ತುಂಬುತ್ತಲೇ ಉಪಗ್ರಹ ಬೇರೆ ಕಡೆ ಸರಿಯಿತು, ಹಳ್ಳಿಗಳ ಪರದೆ ಕಪ್ಪಾಯಿತು.

ಆಮೇಲೆ ಬಂದವು ಸಾಲು ಸಾಲು. 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಕಾಲದಲ್ಲಿ ವಿಜ್ಞಾನದ ಕಿಟ್ಟು ಬಂತು. ಅದೇ ಕಾಲದ ಇನ್ನೊಂದು ಯೋಜನೆಯಲ್ಲಿ ರೇಡಿಯೊ ಕಂ ಟೇಪ್ ರೆಕಾರ್ಡರ್, ಕಲರ್ ಟಿ.ವಿ. ಬಂದವು. ಬಹಳಷ್ಟು ಹೆಡ್‌ಮಾಸ್ತರರ ಬೀರುವಿನಲ್ಲೇ ಉಳಿದವು, ಏಕೆಂದರೆ ಕಳುವಾದರೆ ಸಂಬಳದಲ್ಲಿ ಹಿಡಿಯುತ್ತಾರೆಂಬ ಅಂಜಿಕೆ. ದಾಸ್ತಾನು ಪುಸ್ತಕಕ್ಕೆ ಹತ್ತಿದ ವಸ್ತು ಮಕ್ಕಳ ಕೈಗೆ ಸಿಗುವುದು ಕಷ್ಟ. ಆಕಾಶವಾಣಿಯ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಪಾಠಗಳು ಮಾತ್ರ ಸ್ವಲ್ಪ ಬೇರೆಯಾಗಿದ್ದವು. ರೇಡಿಯೊ ಅಗ್ಗ, ಹಾಡು ಕತೆ ಕನ್ನಡದಲ್ಲೇ, ಹಚ್ಚಲು ಯಾರ ಅನುಮತಿಯೂ ಬೇಕಿರಲಿಲ್ಲ.

2001ರ ಸುಮಾರಿಗೆ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಬಂತು. 2004ರ ಕೊನೆಗೆ ಕೇಂದ್ರದ ಐಸಿಟಿ ಯೋಜನೆ ಬಂತು. ಎರಡರಲ್ಲೂ ಕೆಲಸ ಹೊರಗಿನ ಕಂಪನಿಗಳದ್ದು. ಅವರೇ ಯಂತ್ರ ತಂದು ಕೂಡಿಸಿ, ಅವರೇ ಒಬ್ಬ ಕಂಪ್ಯೂಟರ್ ಮಾಸ್ತರನನ್ನು ಇಟ್ಟು, ಒಪ್ಪಂದದ ವರ್ಷ ಮುಗಿದ ಮೇಲೆ ಶಾಲೆಗೆ ಬಿಟ್ಟು ಹೋಗುವ ಏರ್ಪಾಡು. ಶಾಲೆಯ ಗಣಿತದ ಮೇಷ್ಟ್ರು, ಸಮಾಜ ವಿಜ್ಞಾನದ ಮೇಡಂ ಆ ಕೋಣೆಯ ಹೊರಗೇ ನಿಂತರು. ಕಂಪನಿಯ ಹುಡುಗ ಹೋದ ದಿನ ಕೋಣೆಗೆ ಬೀಗ ಬಿತ್ತು. ಐದು ವರ್ಷದ ಹಳೆಯ ಯುಪಿಎಸ್, ಸತ್ತ ಬ್ಯಾಟರಿ, ಇಲಿ ಕಡಿದ ವೈರು ಶಾಲೆಯ ಪಾಲಾದವು. ಸಭೆಗಳಲ್ಲಿ ಶಿಕ್ಷಕರ ನಿರಾಸಕ್ತಿ ಎಂದು ತೋರಿಸುವ ಬೀಗ ಇದೇ. ಅದನ್ನು ಹಾಕಿದ್ದು ಆ ಒಪ್ಪಂದದ ರೀತಿ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳು ಮೂಡಿದವು. ಆದರೆ ಉಪಗ್ರಹದ ಪಾಠ ತನ್ನ ವೇಳೆಗೆ ಬರುತ್ತದೆ, ತರಗತಿ ತನ್ನ ವೇಗದಲ್ಲಿ ನಡೆಯುತ್ತದೆ. ಮೇಷ್ಟ್ರು ಭಿನ್ನರಾಶಿಯಲ್ಲಿರುವಾಗ ಪರದೆಯ ಮೇಲೆ ರೇಖಾಗಣಿತ ಬಂದರೆ ಮಗು ಯಾವುದನ್ನು ಹಿಡಿಯಬೇಕು? 2010ರಲ್ಲಿ ಆ ಉಪಗ್ರಹದ ಕೆಲಸವೂ ಮುಗಿಯಿತು.

ಅಮೆರಿಕದಲ್ಲೂ ಇದೇ ಕಥೆ. ಸಿನಿಮಾ ಬಂದಮೇಲೆ ಶಾಲೆಯಲ್ಲಿ ಪುಸ್ತಕವೇ ಬೇಕಾಗುವುದಿಲ್ಲ ಎಂದು ಥಾಮಸ್ ಎಡಿಸನ್ 1913ರಲ್ಲೇ ಭವಿಷ್ಯ ನುಡಿದಿದ್ದ. ಸಿನಿಮಾ, ರೇಡಿಯೊ, ಟಿ.ವಿ. ಒಂದೊಂದಾಗಿ ತರಗತಿಗೆ ಬಂದು ಮೂಲೆಗೆ ಸರಿದದ್ದನ್ನು ಲ್ಯಾರಿ ಕ್ಯೂಬನ್ ಎಂಬ ವಿದ್ವಾಂಸ 1986ರಲ್ಲಿ ಒಂದು ಪುಸ್ತಕವಾಗಿ ಬರೆದ. ಅವನು ಸ್ವತಃ ಶಾಲಾ ಶಿಕ್ಷಕನಾಗಿದ್ದವನು. ಶಿಕ್ಷಕರನ್ನು ಬೈಯದೆ, ಅವರ ದಿನದ ಕೆಲಸಕ್ಕೆ ಹೊಂದಿದ್ದು ಉಳಿಯಿತು, ಹೊಂದದ್ದು ಹೋಯಿತು ಎಂಬುದನ್ನು ತೋರಿಸಿದ.

ನಮ್ಮ ನೆರೆಯ ಕೇರಳ ಮಾತ್ರ ಅದೇ ಕಾಲದಲ್ಲಿ ಬೇರೆ ದಾರಿ ಹಿಡಿಯಿತು. 2001ರಲ್ಲಿ ಶುರುವಾದ ಅವರ ‘ಐಟಿ ಅಟ್ ಸ್ಕೂಲ್’ ಯೋಜನೆ ಕಂಪ್ಯೂಟರ್ ಕಲಿಸಲು ಹೊರಗಿನವರನ್ನು ತರಲಿಲ್ಲ, ಇದ್ದ ಶಿಕ್ಷಕರನ್ನೇ ತಯಾರು ಮಾಡಿತು. ಜಿಲ್ಲೆ ಜಿಲ್ಲೆಯಲ್ಲಿ ಶಿಕ್ಷಕರೇ ತರಬೇತುದಾರರಾದರು. ಕಾಸು ಕೊಡಬೇಕಿಲ್ಲದ ಸ್ವತಂತ್ರ ತಂತ್ರಾಂಶವನ್ನು ಆರಿಸಿ, ಮಲಯಾಳಕ್ಕೆ ಹೊಂದಿಸಿ, ಭೌತಶಾಸ್ತ್ರದವರು ಭೌತಶಾಸ್ತ್ರಕ್ಕೆ, ಭೂಗೋಳದವರು ಭೂಗೋಳಕ್ಕೆ ಬಳಸಿದರು. 2017ರಲ್ಲಿ ಅದೇ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು, 45,000 ತರಗತಿಗಳಿಗೆ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಮುಟ್ಟಿಸಿತು. ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಕೂಟಗಳೇ ಶಾಲೆಯ ಯಂತ್ರಗಳನ್ನು ನೋಡಿಕೊಳ್ಳಲು ಕೈಜೋಡಿಸುತ್ತವೆ. ಯಂತ್ರ ಬರುವ ಮೊದಲೇ ಅದು ಯಾರದು ಎಂಬುದು ತೀರ್ಮಾನವಾಗಿತ್ತು. ಹಣ ಕೇರಳಕ್ಕೂ ಧಾರಾಳವಾಗಿ ಇರಲಿಲ್ಲ. ನಾವು ಕಳೆದುಕೊಂಡದ್ದು ಈ ತೀರ್ಮಾನವನ್ನು.

ಕರ್ನಾಟಕ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. 2011ರಿಂದ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಜೊತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ತಾವೇ ಪಾಠದ ಸಾಮಗ್ರಿ ಮಾಡಿ ಹಂಚಿಕೊಂಡರು. ಆಮೇಲೆ ಬಂದ, ತಂತ್ರಜ್ಞಾನದ ನೆರವಿನಿಂದ ಕಲಿಸುವ ‘ಟಾಲ್ಪ್’ ತರಬೇತಿಗಳಲ್ಲಿ ಸಾವಿರಾರು ಶಿಕ್ಷಕರು ಜಿಲ್ಲಾ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಕೂತು ಉಬುಂಟು, ಜಿಯೋಜೀಬ್ರಾ ಕಲಿತರು. ಜಿಯೋಜೀಬ್ರಾದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಆಕಾರ ಬದಲಾಗುತ್ತದೆ, ಮೂರು ಕೋನಗಳ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಇದನ್ನು ಕಂಡ ಗಣಿತದ ಶಿಕ್ಷಕರಿಗೆ ತಂತ್ರಜ್ಞಾನದ ಉಪಯೋಗವನ್ನು ಇನ್ನೊಬ್ಬರು ಬೋಧಿಸಬೇಕಿಲ್ಲ. ಆದರೆ ತರಬೇತಿ ಮುಗಿಸಿ ಊರಿಗೆ ಮರಳಿದವರಿಗೆ ಕಾದಿದ್ದು ಅದೇ ಸತ್ತ ಬ್ಯಾಟರಿ.

ಕೋವಿಡ್ ಕಲಿಸಿದ್ದು

ಈ ತಾಲ್ಲೂಕುಗಳ ಶಿಕ್ಷಕರ ಮನಸ್ಸು ನಿಜವಾಗಿ ತಿರುಗಿದ್ದು 2020ರಲ್ಲಿ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ‘ವಿದ್ಯಾಗಮ’ ಬಂತು. ಮಕ್ಕಳನ್ನು ಮೂರು ಗುಂಪು ಮಾಡಲು ಇಲಾಖೆ ಹೇಳಿತು: ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಮನೆಯವರು, ಇಂಟರ್ನೆಟ್ ಇಲ್ಲದ ಸಾದಾ ಫೋನಿನವರು, ಫೋನೇ ಇಲ್ಲದವರು. ಶಿಕ್ಷಕರು ಮನೆ ಮನೆಗೆ ಹೋಗಿ ಬರೆದುಕೊಂಡರು. ತಮ್ಮ ತರಗತಿಯ ಮಕ್ಕಳಲ್ಲಿ ಯಾರ ಮನೆಯಲ್ಲಿ ಏನಿದೆ ಎಂದು ಅವರಿಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ನಗರದ ಖಾಸಗಿ ಶಾಲೆಗಳು ಜೂಮ್‌ನಲ್ಲಿ ಪಾಠ ನಡೆಸುತ್ತಿದ್ದ ಹೊತ್ತಿಗೆ ಇಲ್ಲಿನ ಶಿಕ್ಷಕರು ಗುಡಿಯ ಕಟ್ಟೆ, ಸಮುದಾಯ ಭವನ, ಹುಣಸೆ ಮರದ ನೆರಳಿನಲ್ಲಿ ಮಕ್ಕಳನ್ನು ದೂರ ದೂರ ಕೂಡಿಸಿ ಪಾಠ ಮಾಡಿದರು. ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸೇತುಬಂಧ’, ‘ಸಂವೇದ’ ಪಾಠಗಳು ಬಂದವು. ಅವನ್ನು ಮಾಡಿದವರೂ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ.

ಸೋಂಕು ಶಿಕ್ಷಕರಿಗೂ ತಗುಲಿತು, ಕೆಲವರು ಜೀವ ಕಳೆದುಕೊಂಡರು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮ ನಿಲ್ಲಿಸಿ, 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲೇ ಮತ್ತೆ ಶುರು ಮಾಡಿತು. ಆ ತಿಂಗಳುಗಳಲ್ಲಿ ಎರಡು ಅರಿವು ಒಟ್ಟಿಗೇ ಬೇರು ಬಿಟ್ಟವು. ಒಂದು, ಫೋನಿನಿಂದ ಮಗುವಿಗೆ ಏನಾದರೂ ತಲುಪಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಲೆಕ್ಕದ ಹಾಳೆ ಕಳಿಸಿ, ಮಗು ಬಿಡಿಸಿದ್ದರ ಫೋಟೊ ತರಿಸಿಕೊಂಡು ತಿದ್ದಿ ಕಳಿಸಿದವರು ಎಷ್ಟೋ ಮಂದಿ. ಎರಡು, ಅದು ತಲುಪುವುದು ಇದ್ದವರ ಮಗುವಿಗೆ. ಗುಳೆ ಹೋದವರ ಮಗುವಿನ ಹೆಸರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರಲೇ ಇಲ್ಲ. ಇಂದು ಕೂಡ್ಲಿಗಿಯ ಶಿಕ್ಷಕರೊಬ್ಬರು ಆನ್‌ಲೈನ್ ಕಲಿಕೆ ಎಂದಾಗ ಮುಖ ಗಂಟಿಕ್ಕಿದರೆ, ಅದರ ಹಿಂದೆ ಆ ಕಾಣೆಯಾದ ಮಗುವಿನ ನೆನಪಿದೆ. ಅದನ್ನು ಹಳೆಯ ಕಾಲದವರ ಹಟ ಎನ್ನುವುದು ತಪ್ಪು.

ಒಂದೇ ಫೋನಿನ ಎರಡು ಮುಖ

ಈಗಿನ ಶಾಲೆಗೆ ಬನ್ನಿ. ಬೆಳಗಿನ ಪ್ರಾರ್ಥನೆ ಮುಗಿಯುವ ಮುನ್ನವೇ ಮುಖ್ಯಶಿಕ್ಷಕರ ಫೋನು ಕೆಲಸ ಹೇಳುತ್ತದೆ. ಬಿಸಿಯೂಟಕ್ಕೆ ಎಷ್ಟು ಮಕ್ಕಳು, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಹಾಲಿನ ಪುಡಿ ಎಷ್ಟು ಉಳಿದಿದೆ? ಸ್ಯಾಟ್ಸ್‌ನಲ್ಲಿ ಹಾಜರಾತಿ, ಯುಡೈಸ್‌ನಲ್ಲಿ ಶೌಚಾಲಯದ ಲೆಕ್ಕ, ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಣೆ, ಅಪಾರ್ ಸಂಖ್ಯೆ, ದೀಕ್ಷಾದಲ್ಲಿ ತರಬೇತಿಯ ಪ್ರಮಾಣಪತ್ರ. ಮಗುವಿನ ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲಿ ಬೇರೆ, ದಾಖಲಾತಿ ಪುಸ್ತಕದಲ್ಲಿ ಬೇರೆ ಇದ್ದರೆ ಒಂದು ದಿನ ಹೋಯಿತು. ನೆಟ್‌ವರ್ಕ್ ಸಿಗದಿದ್ದರೆ ರಾತ್ರಿ ಮನೆಯಲ್ಲಿ ಕೂತು ತುಂಬಬೇಕು. ಡೇಟಾ ಮೇಷ್ಟ್ರ ಕಾಸಿನದು, ಫೋನೂ ಮೇಷ್ಟ್ರದೇ. ಸಂಜೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಾಕಿ ಇರುವ ಶಾಲೆಗಳ ಪಟ್ಟಿ ಬರುತ್ತದೆ. ಚೆನ್ನಾಗಿ ಪಾಠ ಮಾಡಿದ ಶಾಲೆಗಳ ಪಟ್ಟಿ ಹಾಗೆ ದಿನಾ ಬರುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎನ್ನುತ್ತದೆ. ಆನ್‌ಲೈನ್ ದಾಖಲೆಯ ಕೆಲಸವನ್ನು ಯಾರೂ ಶಿಕ್ಷಣೇತರ ಎಂದು ಲೆಕ್ಕ ಹಿಡಿಯುವುದಿಲ್ಲ. ಶಿಕ್ಷಕರ ಸಂಘಗಳು ಈ ಹೊರೆ ಇಳಿಸಿ ಎಂದು ಕೇಳುತ್ತಲೇ ಬಂದಿವೆ, ಹೊಸ ಆ್ಯಪ್‌ಗಳೂ ಬರುತ್ತಲೇ ಇವೆ.

2024ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ಪರೀಕ್ಷಾ ಕೋಣೆಯ ಕ್ಯಾಮೆರಾ ದೃಶ್ಯವನ್ನು ಜಿಲ್ಲಾ ಕೇಂದ್ರದಲ್ಲಿ ಕೂತು ನೋಡುವ ವ್ಯವಸ್ಥೆ. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ನಕಲು ನಿಲ್ಲಬೇಕಾದ್ದು ನ್ಯಾಯವೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಒಂದು ಸಂಗತಿ ಗಮನಿಸಿ: ಪರೀಕ್ಷೆಯ ಕ್ಯಾಮೆರಾಕ್ಕೆ ಗಡುವಿನೊಳಗೆ ಕರೆಂಟೂ ಸಿಕ್ಕಿತು, ಇಂಟರ್ನೆಟ್ಟೂ ಸಿಕ್ಕಿತು. ವರ್ಷವಿಡೀ ನಡೆಯುವ ಪಾಠಕ್ಕೆ ಅವೆರಡೂ ಅಷ್ಟು ಬೇಗ ಸಿಗಲಿಲ್ಲ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವ ಘೋಷಣೆ ಬಂದದ್ದೇ 2023ರ ರಾಜ್ಯೋತ್ಸವದ ದಿನ. ಅಲ್ಲಿಯವರೆಗೆ ಬಿಲ್ಲು ಕಟ್ಟಲು ಶಾಲಾ ಅನುದಾನ ಸಾಲದೆ ಫ್ಯಾನು, ಕಂಪ್ಯೂಟರ್ ಆರಿಸಿಟ್ಟ ಮುಖ್ಯಶಿಕ್ಷಕರು ಎಷ್ಟೋ.

ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಒಂದು ಸರಳ ಸಿದ್ಧಾಂತ ಮುಂದಿಟ್ಟ. ಹೊಸ ಯಂತ್ರವನ್ನು ಜನ ಒಪ್ಪುವುದು ಎರಡು ನಂಬಿಕೆಯ ಮೇಲೆ: ಇದು ನನ್ನ ಕೆಲಸಕ್ಕೆ ಉಪಯೋಗ, ಇದನ್ನು ಬಳಸುವುದು ಸುಲಭ. ಶಿಕ್ಷಕರ ಮನೋಭಾವ ಅಳೆಯುವ ಎಂ.ಇಡಿ. ಪ್ರಬಂಧಗಳೂ ಬಹಳಷ್ಟು ಇದರ ಸುತ್ತಲೇ ತಿರುಗುತ್ತವೆ. ವಯಸ್ಸು, ಲಿಂಗ, ಸೇವಾವಧಿ ಎಂದು ಕೋಷ್ಟಕ ಹಾಕುತ್ತಾರೆ. ನಮ್ಮ ಈ ಐದು ತಾಲ್ಲೂಕುಗಳಲ್ಲಿ ಆ ಕೋಷ್ಟಕಕ್ಕೆ ಮೂರನೆಯ ಪ್ರಶ್ನೆಯೊಂದು ಸೇರಬೇಕು ಎಂದು ನನಗನ್ನಿಸುತ್ತದೆ: ಇದರಿಂದ ನನಗೆ ನೋಟಿಸ್ ಬರುತ್ತದೆಯೇ? ಪಾಠಕ್ಕೆ ಬಳಸುವ ಫೋನೂ ಲೆಕ್ಕ ಕೇಳುವ ಫೋನೂ ಒಂದೇ ಆಗಿರುವಾಗ ಎರಡನೆಯದರ ಬೇಸರ ಮೊದಲನೆಯದಕ್ಕೂ ಅಂಟುತ್ತದೆ.

ಹೀಗಿದ್ದೂ ಶಿಕ್ಷಕರು ಸದ್ದಿಲ್ಲದೆ ಎಷ್ಟೊಂದು ಮಾಡಿಕೊಂಡಿದ್ದಾರೆ! ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾದ ವಿಡಿಯೊ ಮೊದಲೇ ಇಳಿಸಿಟ್ಟುಕೊಂಡು, ನೆಟ್ ಇಲ್ಲದ ಕೋಣೆಯಲ್ಲಿ ತೋರಿಸುವವರಿದ್ದಾರೆ. ಹೃದಯದ ನಾಲ್ಕು ಕೋಣೆಗಳಲ್ಲಿ ರಕ್ತ ಹರಿಯುವ ಕ್ರಮ, ಗ್ರಹಣ, ಜ್ವಾಲಾಮುಖಿ — ಬೋರ್ಡಿನ ಮೇಲೆ ಬರೆದು ದಣಿದ ಪಾಠಗಳನ್ನು ಎರಡು ನಿಮಿಷದ ಚಿತ್ರ ತಿಳಿಯಾಗಿಸುತ್ತದೆ. ಪ್ರಶ್ನೆಪತ್ರಿಕೆಯ ಕೆಲಸವನ್ನೇ ನೋಡಿ. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಕಡತ ಫೋನಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯುನಿಕೋಡ್ ಬಂದು, ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುವ ಸೌಕರ್ಯ ಫೋನಿಗೆ ಬಂದ ಮೇಲೆ, ಕೀಲಿಮಣೆ ಮುಟ್ಟಲು ಹಿಂಜರಿಯುತ್ತಿದ್ದ ಐವತ್ತು ದಾಟಿದ ಶಿಕ್ಷಕರೂ ಬಾಯಲ್ಲಿ ಹೇಳಿ ಪ್ರಶ್ನೆ ತಯಾರಿಸುತ್ತಾರೆ. ಯಾವ ಸುತ್ತೋಲೆಯೂ ಇದನ್ನು ಹೇಳಿಕೊಡಲಿಲ್ಲ. ಒಬ್ಬರು ಕಲಿತು ಪಕ್ಕದ ಶಾಲೆಯವರಿಗೆ ತೋರಿಸಿದರು.

ಎಚ್ಚರವಿರುವ ಶಿಕ್ಷಕರೂ ಇದ್ದಾರೆ, ಅವರ ಮಾತಿಗೂ ಬೆಲೆ ಕೊಡಬೇಕು. ಪರದೆ ಹಚ್ಚಿದೊಡನೆ ಮಕ್ಕಳು ಸುಮ್ಮನಾಗುತ್ತಾರೆ, ಆದರೆ ಸುಮ್ಮನಿದ್ದದ್ದೆಲ್ಲ ಕಲಿತದ್ದಲ್ಲ ಎಂಬುದು ಅವರ ಆತಂಕ. 14ರಿಂದ 16 ವಯಸ್ಸಿನ ಗ್ರಾಮೀಣ ಮಕ್ಕಳನ್ನು ಕೇಳಿ 2024ರ ‘ಅಸರ್’ ವರದಿ ದೇಶದ ಮಟ್ಟದಲ್ಲಿ ಕಂಡುಕೊಂಡದ್ದು ಇದು: ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಸ್ವೀಡನ್‌ನಂಥ ದೇಶವೇ 2023ರಲ್ಲಿ ಎಳೆಯ ಮಕ್ಕಳ ತರಗತಿಗೆ ಮುದ್ರಿತ ಪುಸ್ತಕ ಮರಳಿ ತರಲು ಹಣ ಕೊಟ್ಟಿತು. ಅದೇ ವರ್ಷ ಯುನೆಸ್ಕೊದ ಜಾಗತಿಕ ಶಿಕ್ಷಣ ವರದಿ, ಶಾಲೆಯ ತಂತ್ರಜ್ಞಾನ ಯಾರ ಷರತ್ತಿನ ಮೇಲೆ ನಡೆಯುತ್ತಿದೆ ಎಂದು ಹೆಸರಿನಲ್ಲೇ ಕೇಳಿತು. ಹಡಗಲಿಯ ಅಕ್ಷರ ಜ್ಞಾನ ಸಾಲದ ಐದನೇ ತರಗತಿಯ ಮಗುವಿಗೆ ಮೊದಲು ಪುಸ್ತಕ ಓದಿಸುತ್ತೇನೆ, ಟಿ.ವಿ. ಆಮೇಲೆ ಎನ್ನುವ ಮೇಡಂ ಸರಿಯಾಗಿಯೇ ಯೋಚಿಸುತ್ತಿದ್ದಾರೆ.

ತಮ್ಮದೆಂದು ಒಪ್ಪಿದ್ದು

ಶಿಕ್ಷಕರು ಹೊಸತನ್ನು ಒಪ್ಪುವುದೇ ಇಲ್ಲ ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಕಲಿಕೆಯ ಕಾರ್ಡುಗಳನ್ನು ನೋಡಿ ಬಂದರು. ಊರಿಗೆ ಮರಳಿ, ಯುನಿಸೆಫ್ ನೆರವಿನಲ್ಲಿ, ತಮ್ಮ ಮಕ್ಕಳಿಗೆ ತಕ್ಕಂತೆ ಕಾರ್ಡು, ಕಲಿಕೆಯ ಏಣಿ, ಹಾಡು, ಆಟ ಕಟ್ಟಿದರು. ಅದೇ ‘ನಲಿ ಕಲಿ’. 2009-10ರಿಂದ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಹರಡಿತು. ಅದು ಮೇಲಿನ ಆದೇಶವಾಗಿ ಬಂದ ಊರುಗಳಲ್ಲಿ ಯಾಂತ್ರಿಕವಾದದ್ದೂ ಉಂಟು. ಆದರೆ ಅದು ಹುಟ್ಟಿದ ತಾಲ್ಲೂಕಿನಲ್ಲಿ ಶಿಕ್ಷಕರು ಸಂಜೆ ಶಾಲೆ ಬಿಟ್ಟ ಮೇಲೂ ಕೂತು ಕಾರ್ಡು ಬರೆದರು. ಕರೆಂಟು ಬೇಡದ, ಕೈಯಿಂದ ಮಾಡಿದ ಆ ರಟ್ಟಿನ ಕಾರ್ಡು ಈ ರಾಜ್ಯದ ತರಗತಿಯನ್ನು ಬದಲಿಸಿದಷ್ಟು ಯಾವ ಕಂಪ್ಯೂಟರೂ ಇದುವರೆಗೆ ಬದಲಿಸಿಲ್ಲ.

ಈ ಐದು ತಾಲ್ಲೂಕುಗಳಲ್ಲಿ ಶಿಕ್ಷಕರೇ ಪಾಠ ಕಟ್ಟಲು ಸಾಮಗ್ರಿಗೆ ಬರವಿಲ್ಲ. ದೇಗುಲ ವಾಸ್ತು ಎಂದರೆ ನಮ್ಮ ಮಕ್ಕಳಿಗೆ ಮೊದಲು ಕಾಣುವುದು ಹಳೇಬೀಡು. ಆದರೆ ಹರಪನಹಳ್ಳಿಗೆ ಹತ್ತಿರದಲ್ಲೇ ಇರುವ ಬಾಗಳಿಯ ಕಲ್ಲೇಶ್ವರ ಗುಡಿ ರಾಷ್ಟ್ರಕೂಟ, ಚಾಲುಕ್ಯರ ಕಾಲದ್ದು. ಅದರ ಕಂಬಗಳನ್ನು ಒಂದು ಫೋನಿನಲ್ಲಿ ಚಿತ್ರಿಸಿ ಸಮಾಜ ವಿಜ್ಞಾನದ ಪಾಠ ಮಾಡಬಹುದು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಕೆರೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಜಾಗತಿಕ ಮಹತ್ವದ ಆ ಹಕ್ಕಿಗಳ ಮನೆ ಪಕ್ಕದಲ್ಲೇ ಇರುವಾಗ ಪರಿಸರದ ಪಾಠಕ್ಕೆ ದೂರದ ವಿಡಿಯೊ ಯಾಕೆ? ಗುಡೇಕೋಟೆಯ ಕರಡಿಧಾಮ, ಹಡಗಲಿಯ ಮಲ್ಲಿಗೆ ತೋಟದಲ್ಲಿ ಮೊಗ್ಗು ಅರಳುವ ಹೊತ್ತು, ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕ, ಕೊಟ್ಟೂರಿನ ತೇರು, ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯ ಲೇಖಕ ಬೀchi — ಇವೆಲ್ಲ ಸ್ಥಳೀಯ ಶಿಕ್ಷಕರ ಕೈಯಲ್ಲಿ ಐದು ನಿಮಿಷದ ಒಂದೊಂದು ಪಾಠವಾಗಬಲ್ಲವು. ತಾಂಡಾದ ಒಂದನೇ ತರಗತಿಗೆ ಗೋರ್ ಬೋಲಿಯಿಂದ ಕನ್ನಡಕ್ಕೆ ಕರೆತರುವ ಧ್ವನಿಮುದ್ರಿಕೆಯನ್ನು ಬೆಂಗಳೂರಿನ ಕಂಪನಿ ಮಾಡಿಕೊಡಲಾರದು. ತಾಂಡಾದಲ್ಲೇ ಹುಟ್ಟಿ ಮೇಷ್ಟ್ರಾದವರು ಮಾಡಬಲ್ಲರು.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಮೈಕ್ರೊಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ‘ಶಿಕ್ಷಾ ಕೋಪೈಲಟ್’ ಎಂಬ ಪಾಠಯೋಜನೆಯ ಸಾಧನವನ್ನು ಪ್ರಯೋಗಿಸಿವೆ. ಪಾಠ, ತರಗತಿ ಹೇಳಿದರೆ ಚಟುವಟಿಕೆ, ಪ್ರಶ್ನೆ ಎಲ್ಲ ನಿಮಿಷಗಳಲ್ಲಿ ತಯಾರು. ಗಂಟೆಗಟ್ಟಲೆ ಪಾಠಯೋಜನೆ ಬರೆಯುವ ಶಿಕ್ಷಕರಿಗೆ ಇದು ದೊಡ್ಡ ಬಿಡುವು, ಹಾಗಾಗಿಯೇ ಈ ಬಗೆಯ ಸಾಧನವನ್ನು ಅವರು ಬೇಗ ಒಪ್ಪುತ್ತಾರೆ ಎಂದು ನನ್ನ ಎಣಿಕೆ. ಆದರೆ ಉಳಿದ ಆ ಒಂದು ಗಂಟೆ ಮಕ್ಕಳಿಗೆ ಸಿಗಬೇಕು. ಅದೂ ಇನ್ನೊಂದು ಆ್ಯಪ್ ತುಂಬಲು ಹೋದರೆ ಎಲ್ಲವೂ ವ್ಯರ್ಥ.

ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಈ ಐದೂ ತಾಲ್ಲೂಕುಗಳಿಗೆ ಬರುತ್ತದೆ. ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಮಂಡಳಿ ಶಿಕ್ಷಣಕ್ಕೆ ದೊಡ್ಡ ಪಾಲು ಮೀಸಲಿಟ್ಟಿರುವುದು ಸಂತೋಷದ ಸಂಗತಿ. ಆ ಕ್ರಿಯಾಯೋಜನೆಗಳಲ್ಲಿ ಸ್ಮಾರ್ಟ್ ಕ್ಲಾಸಿಗೆ ಹಣ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಟಿ.ವಿ. ಕೊಳ್ಳುವ ಹಣದ ಪಕ್ಕದಲ್ಲೇ ಅದರ ರಿಪೇರಿಗೆ, ಬ್ಯಾಟರಿಗೆ, ಇಂಟರ್ನೆಟ್ಟಿಗೆ ವರ್ಷ ವರ್ಷದ ಹಣ ಬರೆಯಿರಿ. ತಾಲ್ಲೂಕಿಗೊಬ್ಬ ತಂತ್ರಜ್ಞನನ್ನು ಬಿಆರ್‌ಸಿಯಲ್ಲಿ ಕೂಡಿಸಿ. ಕ್ಲಸ್ಟರಿಗೊಬ್ಬ ಡೇಟಾ ಸಹಾಯಕನನ್ನು ಕೊಟ್ಟು ಶಿಕ್ಷಕರ ಕೈಯಿಂದ ಲೆಕ್ಕದ ಕೆಲಸ ಬಿಡಿಸಿ. ಯಾವ ಸಾಧನ ಬೇಕು ಎಂದು ಟೆಂಡರ್ ಕರೆಯುವ ಮೊದಲು ಶಾಲೆಯನ್ನು ಕೇಳಿ. ಯಂತ್ರ ಕೆಟ್ಟರೆ, ಕಳುವಾದರೆ ಮುಖ್ಯಶಿಕ್ಷಕರ ಸಂಬಳಕ್ಕೆ ಕೈಹಾಕುವ ಅಂಜಿಕೆಯನ್ನು ಸ್ಪಷ್ಟ ಆದೇಶದಿಂದ ತೆಗೆಯಿರಿ.

ಊರಿನವರಿಗೂ ಒಂದು ಮಾತು. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಸ್ಮಾರ್ಟ್ ಟಿ.ವಿ. ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಕಳೆದ ವಾರ ಅದರಲ್ಲಿ ಯಾವ ಪಾಠ ನಡೆಯಿತು, ಅದು ಕೆಟ್ಟರೆ ಯಾರು ಬರುತ್ತಾರೆ, ನಿಮ್ಮ ಮೇಷ್ಟ್ರು ದಿನಕ್ಕೆ ಎಷ್ಟು ಹೊತ್ತು ಫೋನಿನಲ್ಲಿ ಲೆಕ್ಕ ತುಂಬುತ್ತಾರೆ ಎಂದು ಕೇಳಿ, ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬಿಇಒ ಕಚೇರಿಗೆ ಕಳಿಸಿ.